ಕುಸುಮಕ್ಕನ ಓದು

ಹೊಸ ಪುಸ್ತಕ ಕೊಂಡು ತಂದ ದಿನವೇ ಕುಸುಮಕ್ಕ ಚಾಕು ಹಿಡಿದು ಅದರ ಬೆನ್ನು ಸೀಳುತ್ತಿದ್ದರು. ಬಿಡಿಯಾದ ಹಾಳೆಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿದರೆ ಕಂಪ್ಯೂಟರು ಓದಿ ಹೇಳುತ್ತಿತ್ತು. ಹುಟ್ಟಿನಿಂದ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಧಾರವಾಡದ ಕಡೆಯವರು, ಟೆಲಿಫೋನ್ ಆಪರೇಟರ್ ಆಗಿ ನಿವೃತ್ತರಾಗಿ ಮುಂಬಯಿಯ ಚೆಂಬೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ಕಂಪ್ಯೂಟರು ಒತ್ತಕ್ಷರಗಳಲ್ಲಿ ಎಡವಿದಾಗ ತಿದ್ದಲು ನಾನೇ ಬೇಕು. ಪುರುಸೊತ್ತಿಲ್ಲವೆಂದರೆ ಬೈಗುಳ.

“ಓದಾಕ ಕಣ್ಣ ಬೇಕಂತ ಯಾರ ಹೇಳ್ಯಾರ? ಒಂದ ಕಡೆ ಕುಂಡ್ರೂದು ಬರಬೇಕ ನೋಡು.”

ಓದಿ ಮುಗಿಸಿದ ಫೈಲನ್ನು ತಮ್ಮಂತೆಯೇ ಕಣ್ಣಿಲ್ಲದ ಮೂವರು ಗೆಳತಿಯರಿಗೆ ಕಳಿಸುತ್ತಿದ್ದರು. ಒಮ್ಮೆ ಆ ಗೆಳತಿಯರಲ್ಲೊಬ್ಬರ ಮನೆಯವರು ಒಂದು ಕಾದಂಬರಿಯನ್ನು ಮೊಬೈಲಿನ ಗುಂಪಿಗೆ ಹಾಕಿಬಿಟ್ಟರು. ಅದು ಊರೆಲ್ಲ ಹರಿದಾಡಿತು. ಫೈಲಿನ ಮೇಲೆ ಕುಸುಮಕ್ಕನ ಹೆಸರಿತ್ತು.

ಸಯನ್ನಿನಲ್ಲಿದ್ದ ಅದರ ಲೇಖಕರು ಹುಡುಕಿಕೊಂಡು ಬಂದರು. ಕುಸುಮಕ್ಕನಿಗೆ ಅವರೆಂದರೆ ಪ್ರಾಣ. ನನಗೆ ಚಹಾ ಮಾಡಲು ಹೇಳಿ, ಅವರೆದುರು ಕೂತು ಆ ಕಾದಂಬರಿಯ ಮೊದಲ ಪುಟವನ್ನು ಬಾಯಿಪಾಠ ಒಪ್ಪಿಸಿದರು. ಲೇಖಕರು ಕೊನೆಯವರೆಗೂ ಕೇಳಿದರು.

“ಆಯಿತಲ್ಲ? ಇನ್ನು ಕಳ್ಳತನದ ಮಾತಾಡುವ.”

ಕುಸುಮಕ್ಕ ಎದ್ದು ನಿಂತರು. “ನಾ ಕೊಂಡ ಓದೀನ್ರಿ. ಕೇಳೂ ಹಂಗ ನೀವ ಒಂದು ಪುಸ್ತಕ ಮಾಡಸ್ರಿ, ರೊಕ್ಕ ಕೊಟ್ಟ ತಗೋತೀವಿ.”

“ನಾಲ್ಕು ಕುರುಡರಿಗೆ ಅಂತ ಯಾರು ಮಾಡಿಸುವುದು? ನಿಮ್ಮ ಫೈಲು ಹರಡಿದ್ದರಿಂದ ಪ್ರಕಾಶಕರು ಮರುಮುದ್ರಣವನ್ನೇ ಕೈಬಿಟ್ಟಿದ್ದಾರೆ. ಕನ್ನಡ ಸಂಘದ ಸಭೆಯಲ್ಲಿ ಕ್ಷಮೆ ಕೇಳಿ. ಇಲ್ಲವೋ, ನಾನು ಪೊಲೀಸರ ಹತ್ತಿರ ಹೋಗ್ತೇನೆ.”

ಕನ್ನಡ ಸಂಘದ ವೇದಿಕೆಗೆ ನಾನೇ ಅವರ ಕೈಹಿಡಿದು ಹತ್ತಿಸಿದೆ. “ತಪ್ಪಾತ್ರಿ,” ಎಂದರು. ಅದೇ ಫೈಲನ್ನು ನನಗೆ ಕಳಿಸಿದ್ದ ಇಬ್ಬರು ಮುಂದಿನ ಸಾಲಿನಲ್ಲಿದ್ದರು. ಮೊದಲು ಚಪ್ಪಾಳೆ ತಟ್ಟಿದವರು ಅವರೇ. ಲೇಖಕರು ದೊಡ್ಡ ಮನಸ್ಸು ಮಾಡಿದವರಂತೆ ತಮ್ಮ ಹೊಸ ಕಾದಂಬರಿಗೆ ಸಹಿ ಹಾಕಿ, ಕುಸುಮಕ್ಕನ ಕೈಗಿಟ್ಟು ಫೋಟೋ ತೆಗೆಸಿಕೊಂಡರು. “ಕ್ಯಾಮೆರಾ ಕಡೆ ನೋಡಿ,” ಎಂದು ಯಾರೋ ಕೂಗಿದರು. ಸಭೆ ನಕ್ಕಿತು.

ರಿಕ್ಷಾದಲ್ಲಿ ಕುಸುಮಕ್ಕ ಆ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದರು. ಮನೆಗೆ ಬಂದವರೇ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿದರು. ಗೆಳತಿಯರ ಫೋನು ಬಾರಿ ಬಾರಿ ಬಂದರೂ ಎತ್ತಲಿಲ್ಲ. ಸಂಜೆಗಳಲ್ಲಿ ಸುಮ್ಮನೆ ಗೋಡೆಗೊರಗಿ ಕೂತಿರುತ್ತಿದ್ದರು. ಒಮ್ಮೆ ನಾನು ಓದಿ ಹೇಳಲು ಹೋದರೆ, “ನನಗ ಯಾರ ದಯಾನೂ ಬ್ಯಾಡ,” ಎಂದು ಬಾಗಿಲು ಹಾಕಿಕೊಂಡರು.

ಮಳೆಗಾಲಕ್ಕೆ ಮುಂಚೆ ಮನೆ ಮಾರಿ ಧಾರವಾಡದಲ್ಲಿದ್ದ ತಂಗಿಯ ಮನೆಗೆ ಹೊರಟರು. ಅವರನ್ನು ನಾನು ಕೊನೆಯ ಸಲ ನೋಡಿದ್ದು ದಾದರ್ ಸ್ಟೇಷನ್ನಿನಲ್ಲಿ. ಗಾಡಿ ಹೊರಡುವ ಹೊತ್ತಿಗೆ ಕಿಟಕಿಯಿಂದ ಕೈಚಾಚಿ ನನ್ನ ಮಣಿಕಟ್ಟು ಹಿಡಿದರು.

“ಅಂವ ಕೊಟ್ಟ ಪುಸ್ತಕ ಓದಿದೇನ?”

“ಇಲ್ಲ ಕುಸುಮಕ್ಕ, ಮನಸ್ಸೇ ಬರಲಿಲ್ಲ.”

“ಓದ ಹುಚ್ಚಿ. ಹಲಕಟ್ ಅದಾನ. ಖರೆ, ಭಾಳ ಚೊಲೋ ಬರೀತಾನ.”