ದೋಣಿಯ ತಳಕ್ಕೆ ರಾಗಿ ಹಿಟ್ಟು

ಬೆಳಗ್ಗೆಯಿಂದ ನಮ್ಮ ಬೀದಿಗೆ ಡಾಂಬರು ಹಾಕುತ್ತಿದ್ದಾರೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತೀರಿಕೊಂಡು ಎಷ್ಟೋ ವರ್ಷವಾದ ನಮ್ಮ ಯಜಮಾನರ ಮೇಲೆ ನನಗೆ ಮತ್ತೆ ಸಿಟ್ಟು ಬಂತು. ನಗಬೇಡಿ. ಮೋಟಾರು ದೋಣಿ ಇಟ್ಟುಕೊಂಡ ಗಂಡನ ಜೊತೆ ನೀವು ಬಾಳಿದ್ದರೆ ತಿಳಿಯುತ್ತಿತ್ತು.

ಅದೂ ಎಲ್ಲಿ? ಮುಳಬಾಗಿಲ ಹತ್ತಿರದ ನಮ್ಮ ಹಳ್ಳಿಯಲ್ಲಿ! ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಚಿನ್ನದ ಗಣಿಯ ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಇವರು ನಮ್ಮ ಜೋಡಿ ಎತ್ತು ಮಾರಿ ಅವನ ದೋಣಿ ತಂದರು. ಬೇಲೀಲಿ ಹೋಗೋ ಓತಿಕ್ಯಾತನ್ನ ಕಿವೀಲಿ ಬಿಟ್ಟುಕೊಳ್ಳೋದು ಅಂದರೆ ಇದೇ. "ಕೆರೆ ಆಚೆ ನಿಮ್ಮಮ್ಮನ ಊರು. ಏರಿ ಸುತ್ತಿ ಹೋಗೋಕೆ ಮೂರು ಮೈಲಿ. ಇದ್ರಲ್ಲಿ ಎಲೆ ಅಡಿಕೆ ಹಾಕ್ಕೊಳ್ಳೋಷ್ಟರಲ್ಲಿ ಹೋಗ್ಬಿಡ್ತೀವಿ ಕಣೇ" ಎಂದರು. ಅಮ್ಮನಿಗೆ ಆಗ ಕಣ್ಣು ಮಂಜಾಗುತ್ತಾ ಬಂದಿತ್ತು. "ಪೂರ್ತಿ ಹೋಗೋದ್ರೊಳಗೆ ಒಂದ್ಸಲ ಬಂದು ಮುಖ ತೋರ್ಸಿ ಹೋಗು" ಎಂದು ಹೇಳಿ ಕಳಿಸಿದ್ದಳು.

ಸರಿ, ದೋಣಿ ಕೆರೆಗಿಳಿಯಿತು. ಇಳಿದಷ್ಟೇ ಬೇಗ ತಳದಲ್ಲಿ ನೀರು ತುಂಬಿತು. ಇವರು ಊರವರನ್ನೆಲ್ಲ ಕೂಗಿ ಅದನ್ನು ದಡಕ್ಕೆ ಎಳೆಸಿ, ಬೋರಲು ಹಾಕಿ, ಬಿಸಿಲಿಗೆ ಒಣಗಿಸಿದರು. ಸಂದಿಗಳಿಗೆಲ್ಲ ಡಾಂಬರು ಕಾಯಿಸಿ ಬಳಿದರು. ಇಳಿಸಿದರೆ ಇನ್ನೊಂದು ಕಡೆ ಸೋರಿಕೆ. ಮತ್ತೆ ದಡ, ಮತ್ತೆ ಬಿಸಿಲು, ಮತ್ತೆ ಡಾಂಬರು. ಒಂದು ದಿನ ನನ್ನ ಅಡಿಗೆಮನೆಗೆ ನುಗ್ಗಿ ಒಂದು ಸೇರು ರಾಗಿ ಹಿಟ್ಟು ಎತ್ತಿಕೊಂಡು ಹೋಗಿ ದೋಣಿಯ ಒಳತಳಕ್ಕೆಲ್ಲ ಉದುರಿಸಿ ನೀರಿಗಿಳಿಸಿದರು. ಹಿಟ್ಟು ಎಲ್ಲಿ ನೆನೆಯುತ್ತದೋ ಅಲ್ಲೇ ತೂತು ಎಂಬ ಲೆಕ್ಕ. ಹಿಟ್ಟೆಲ್ಲ ನೆನೆಯಿತು. ಬೆಂಕಿಯೊಂದಿದ್ದರೆ ಅಲ್ಲೇ ಮುದ್ದೆ ಮಾಡಿಬಿಡಬಹುದಿತ್ತು.

"ಅಮ್ಮನ್ನ ನೋಡೋಕೆ ಯಾವತ್ತು?" ಎಂದರೆ "ನಾಳೆ ಕಣೇ." ಹೀಗೆ ಒಂದು ತಿಂಗಳು ನಾಳೆಯಲ್ಲೇ ಹೋಯಿತು.

ಕೊನೆಗೆ ರಾಯಲ್ಪಾಡು ಕಡೆಯ ಗಾಡಿ ಹೊಡೆಯುವ ಮುನೆಪ್ಪ, ಎತ್ತಿಗೆ ನೀರು ಕುಡಿಸಲು ಬಂದವನು, ನಿಂತು ನೋಡಿದ. "ನಾನಬೆಟ್ಟಂಡಿ ಸಾಮಿ!" ಎಂದ. ತೆಲುಗಿನಲ್ಲಿ ನೆನೆಹಾಕಿ ಅಂತ. "ಬಿಸ್ಲಿಗೆ ಗಾಡಿ ಚಕ್ರ ಸಡ್ಲ ಆದ್ರೆ ನೀರಿಗೆ ಬಿಡಲ್ವಾ? ಮರ ಉಬ್ಬಿ ತಾನೇ ಬಿಗಿ ಆಗ್ತದೆ. ಇದೂ ಮರವೇ ಅಲ್ವಾ? ನೀವು ಒಣಗ್ಸಿ ಒಣಗ್ಸಿ ಬಾಯಿ ಬಿಡಿಸಿದ್ದೀರ." ನೀರೇ ಶತ್ರು ಎಂದುಕೊಂಡಿದ್ದ ಇವರು ಡಾಂಬರಿನ ಡಬ್ಬಿ ಪಕ್ಕಕ್ಕೆ ತಳ್ಳಿದರು. ಯಂತ್ರ ಬಿಚ್ಚಿಟ್ಟು, ದೋಣಿಯನ್ನು ದಡದ ಪಕ್ಕ ನಾಲ್ಕು ದಿನ ಮುಳುಗಿಸಿಟ್ಟರು. ಆಮೇಲೆ ನೀರು ಎತ್ತಿ ಚೆಲ್ಲಿ ನೋಡಿದರೆ ಒಂದು ಹನಿಯೂ ಒಳಗೆ ಬರಲಿಲ್ಲ.

ಮರುದಿನವೇ ಗಡಗಡ ಸದ್ದು ಮಾಡುತ್ತಾ ಆಚೆ ದಡ ಸೇರಿದೆವು. ಊರಿಗೆ ಊರೇ ಬಂದು ನಿಂತಿತ್ತು. ನಾನು ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಂಡು ಅಮ್ಮನ ಜಗಲಿ ಹತ್ತಿ, ಅವಳ ಎದುರಿಗೇ ಕೂತೆ. ಅಮ್ಮ ನನ್ನ ಕಡೆಗೇ ಮುಖ ಮಾಡಿ, "ಯಾರಮ್ಮಾ ಬಂದಿರೋದು?" ಎಂದಳು.

ಆವತ್ತಿನಿಂದ ಇವತ್ತಿನವರೆಗೆ ಆ ದೋಣಿಯನ್ನೂ ಅದನ್ನು ತಂದವರನ್ನೂ ಬೈದುಕೊಂಡೇ ಬಂದಿದ್ದೇನೆ. ಈಗಲೂ ಕಿಟಕಿ ಮುಚ್ಚಿ ಬೈಯಲು ಕೂತಿದ್ದೇನೆ. ಆದರೆ ನಿಮ್ಮೊಬ್ಬರಿಗೆ ಹೇಳುತ್ತೇನೆ. ಕೆರೆ ಏರಿಯ ಮೇಲೆ ದಾರಿ ಇತ್ತು, ನನಗೆ ಕಾಲೂ ಇದ್ದವು. ಅಮ್ಮನ ಊರಿನವರ ಮುಂದೆ ಮೋಟಾರು ದೋಣಿಯಿಂದ ಇಳಿಯಬೇಕು ಅಂತ ನನಗೇ ಆಸೆ ಇತ್ತು.