ಗಿರಿಜತ್ತೆ ಮತ್ತು ಒಡೆಯದ ಸಂಖ್ಯೆ

ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ ಎಲ್ಲಾದರೂ ಬಂದರೆ ಸಾಕು, ಹೊಳಲ್ಕೆರೆಯ ನಮ್ಮ ಮನೆಯ ಮುಂದಿನ ಕೋಣೆ ಕಣ್ಣೆದುರು ನಿಲ್ಲುತ್ತದೆ. ಆ ಮನೆ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಹೋಯಿತು. ಅಜ್ಜ ಅಲ್ಲಿ ಅಂಗಿ, ರವಿಕೆ ಹೊಲಿಯುತ್ತಿದ್ದ. ಕಿಟಕಿಯ ಪಕ್ಕ ಕೂತು ಗುಂಡಿ ಹಾಕುತ್ತಿದ್ದವಳು ಗಿರಿಜತ್ತೆ, ನನ್ನಪ್ಪನ ತಂಗಿ. ನಿಮ್ಮ ಮನೆಯಲ್ಲೂ ಅಂಥವಳೊಬ್ಬಳು ಇದ್ದಿರಬಹುದು. ಪಿಯುಸಿ ಮುಗಿಸಿದ್ದ ಅವಳಿಗೆ ಚಿತ್ರದುರ್ಗದ ಕಾಲೇಜಿನಲ್ಲಿ ಗಣಿತ ಓದುವ ಆಸೆ. ಅಜ್ಜ ಹೂಂ ಅಂದಿರಲಿಲ್ಲ. ದುರ್ಗದ ಬಸ್ಸು ಮನೆ ಮುಂದೆಯೇ ಹಾದುಹೋಗುತ್ತಿತ್ತು. ಅದರ ಸದ್ದು ಅಡಗುವವರೆಗೂ ಅತ್ತೆಯ ಸೂಜಿ ನಿಂತೇ ಇರುತ್ತಿತ್ತು.

ಕಣ್ಣಿಗೆ ಬಿದ್ದ ಸಂಖ್ಯೆಯನ್ನೆಲ್ಲ ಭಾಗಿಸುವುದು ಅವಳ ಚಟ. ಬಸ್ ಟಿಕೆಟ್ಟಿನದಿರಲಿ, ಲಾರಿಯದಿರಲಿ, "ಇದಕ್ಕೆ ಹದಿಮೂರು ಹೋಗ್ತೈತೆ ನೋಡೇ" ಅನ್ನುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಮತ್ತೆ ಕಾಲೇಜಿನ ಮಾತೆತ್ತಿದಾಗ ಅಜ್ಜ ನಗುತ್ತ ಮಿಷನ್ನಿನ ಹಿತ್ತಾಳೆ ಪಟ್ಟಿಯ ಮೇಲೆ ಬೆರಳಿಟ್ಟ. ಅಲ್ಲಿ ೧೦೪೭೨೯ ಎಂದು ಕೊರೆದಿತ್ತು. "ಇದನ್ನ ಶೇಷ ಉಳೀದಂಗೆ ಭಾಗ ಮಾಡಿ ತೋರ್ಸು ತಾಯಿ. ಕಳಿಸ್ತೀನಿ."

ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣ ಹಿಡಿದು ಅತ್ತೆ ನಡುಮನೆಯ ಕಪ್ಪು ಕಲ್ಲಿನ ನೆಲದ ಮೇಲೆ ಕೂತಳು. ಬೆಸ ಸಂಖ್ಯೆ, ಎರಡು ಹೋಗುವುದಿಲ್ಲ. ಅಂಕಿಗಳನ್ನು ಕೂಡಿದರೆ ಇಪ್ಪತ್ಮೂರು, ಹಾಗಾಗಿ ಮೂರೂ ಇಲ್ಲ. ಏಳಕ್ಕೆ ಎರಡು ಉಳಿಯಿತು, ಹನ್ನೊಂದಕ್ಕೆ ಒಂಬತ್ತು. "ಮುನ್ನೂರ ಇಪ್ಪತ್ಮೂರರ ತನಕ ನೋಡಿದ್ರೆ ಸಾಕು ಕಣೇ. ಅದನ್ನ ಅದರಿಂದ್ಲೇ ಗುಣಿಸಿದ್ರೆ ಹೆಚ್ಚೂಕಮ್ಮಿ ಇಷ್ಟೇ ಬರ್ತೈತೆ. ಅದಕ್ಕಿಂತ ದೊಡ್ಡದು ಯಾವ್ದಾದ್ರೂ ಹೋಗಂಗಿದ್ರೆ, ಅದರ ಜೋಡಿ ಇದರೊಳಗೇ ಸಿಕ್ಕಿರ್ಬೇಕು" ಎಂದು ನನಗೆ ವಿವರಿಸಿದಳು. ಮನೆಗೆಲಸದ ನಡುವೆ ದಿನಗಳು ಕಳೆದವು. ದಾರಿಗಳು ಒಂದೊಂದೇ ಮುಚ್ಚಿಕೊಳ್ಳುತ್ತ ಬಂದವು. ಅದರೊಳಗಿನ ಅವಿಭಾಜ್ಯಗಳಲ್ಲಿ ಕೊನೆಯದಾದ ಮುನ್ನೂರ ಹದಿನೇಳಕ್ಕೂ ಶೇಷ ಉಳಿದಾಗ ಅವಳ ಮುಖದಲ್ಲಿ ಬೆರಗೂ ಇತ್ತು, ಕಣ್ಣಲ್ಲಿ ನೀರೂ ಇತ್ತು.

"ಏನೋ ಒಂದು ಹೇಳ್ಬಿಡತ್ತೆ. ಅಜ್ಜಂಗೇನು ಗೊತ್ತಾಗ್ತೈತೆ?" ಅಂದೆ.

"ನಂಗೆ ಗೊತ್ತೈತಲ್ಲೇ."

ಅಜ್ಜನ ಮುಂದೆ ನಿಂತು ಹೇಳಿದಳು: "ಅಪ್ಪ, ಇದು ಅವಿಭಾಜ್ಯ. ಒಂದು ಬಿಟ್ರೆ ಇದೇ, ಬೇರೆ ಯಾವ್ದೂ ಹೋಗಲ್ಲ. ಹೋಗಲ್ಲ ಅಂತ ತೋರ್ಸೋದೇ ಕಷ್ಟದ್ದು."

"ಮಾತಾಗಿದ್ದು ಭಾಗ ಮಾಡಾಕೆ ತಾಯಿ" ಅಂದ ಅಜ್ಜ. ದನಿ ಗಡುಸಾಗಿರಲಿಲ್ಲ. ಅದಕ್ಕೇ ಅವಳಿಗೆ ಜಗಳವಾಡಲೂ ಆಗಲಿಲ್ಲ.

ಅತ್ತೆಯನ್ನು ಶ್ರೀರಾಂಪುರಕ್ಕೆ ಕೊಟ್ಟರು. ತುಂಬಿದ ಮನೆ, ಒಳ್ಳೆಯ ಜನವೇ. ಹಬ್ಬಕ್ಕೆ ಬಂದಾಗ ನಾನು ಯಾವುದಾದರೂ ಸಂಖ್ಯೆ ಹೇಳಿದರೆ, "ಒಲೆ ಮೇಲೆ ಹಾಲೈತೆ" ಎಂದು ನಕ್ಕು ಎದ್ದುಹೋಗುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ಅಂಗಳದಿಂದ ಅವಳನ್ನು ಎತ್ತಿದಾಗ ನಾನೂ ಜೊತೆಗೆ ಹೆಜ್ಜೆ ಹಾಕಿದೆ. "ಹೆಣ್ಮಕ್ಕಳು ಅಲ್ಲಿಗೆ ಬರಂಗಿಲ್ಲಮ್ಮ, ಒಳಗೆ ನಡೀರಿ" ಎಂದು ಹಿರಿಯರೊಬ್ಬರು ಮೆಲ್ಲಗೆ ಅಂದರು. ಗಂಡಸರೆಲ್ಲ ಹೊರಟುಹೋದರು. ಸೊಸೆಯಂದಿರು ಅವಳನ್ನು ಮಲಗಿಸಿದ್ದ ಜಾಗಕ್ಕೆ ನೀರು ಹೊಯ್ಯತೊಡಗಿದರು. ನಾನು ಹೊಸ್ತಿಲ ಒಳಗೆ ನಿಂತಿದ್ದೆ.