ಇಲಿಕೋಣೆಯ ಅಕ್ಕನ ಶನಿವಾರಗಳು

ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಇಲಿಗಳನ್ನು ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಇಲಿ ಅಕ್ಕ ಎನ್ನುತ್ತಾರೆ. ಇಲಿಗಳಿಗೆ ಆಗದೆಂದು ಅವಳು ಹದಿನೆಂಟು ವರ್ಷದಿಂದ ವಾಸನೆ ಸೋಪು ಮುಟ್ಟಿಲ್ಲ, ಅವು ಬೆದರದಿರಲೆಂದು ಪಿಸುಗುಟ್ಟಿ ಪಿಸುಗುಟ್ಟಿ, ಮನೆಯಲ್ಲೂ ಮಾತಿಗೆ ಯಾರಿಲ್ಲದೆ, ಅವಳ ದನಿಯೇ ಅಷ್ಟು ಸಣ್ಣದಾಗಿಬಿಟ್ಟಿದೆ; ತರಕಾರಿಯವನು ಪ್ರತಿಸಲವೂ “ಏನಂದ್ರಿ?” ಎನ್ನುತ್ತಾನೆ. ಈ ಇಲಿಗಳಿಗೆ ಹೊರಗಿನ ಜೀನ್ ಸೇರಿಸಿದ್ದಾರೆ. ನರಕೋಶಕ್ಕೆ ಒಳಗಿನಿಂದ ಆಸರೆಯಾಗಿರುವ ಎಳೆಗಳ ಪ್ರೋಟೀನು ಅದರಿಂದ ಮಿತಿಮೀರಿ ತಯಾರಾಗಿ, ಕ್ರಮೇಣ ಹಿಂಗಾಲು ಸೋಲುತ್ತದೆ. ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಒಂದೊಂದನ್ನೂ ಬಾಲ ಹಿಡಿದೆತ್ತಿ, “ಕಾಲು ಚಾಚೇ, ಸೋಮಾರಿ!” ಎಂದು ಪಿಸುದನಿಯಲ್ಲೇ ಗದರಿ, ಕಂಡದ್ದನ್ನು ಬರೆದಿಡುವುದು ಅವಳ ಕೆಲಸ. ಕಾಲು ಚಾಚದೆ ಸೋತಿದೆ ಎಂದು ಬರೆದರೆ ಆ ಇಲಿಯನ್ನು ಸಂಜೆಯೇ ಕೊಯ್ದು ಪರೀಕ್ಷಿಸುತ್ತಾರೆ. ಸೂಕ್ಷ್ಮದರ್ಶಕವನ್ನೂ ಮೀರಿಸುವ ಕಣ್ಣು ಅವಳದು ಎಂದು ಮೇಲಿನ ಮಹಡಿಯ ಸಂಶೋಧಕರೆಲ್ಲ ಹೊಗಳುತ್ತಾರೆ. ಮೊನ್ನೆ ಅವರಲ್ಲೊಬ್ಬ ಅವಳು ಬರೆದ ಮೂರು ವರ್ಷದ ಪಟ್ಟಿ ಹಿಡಿದು ಕೆಳಗಿಳಿದು ಬಂದ. “ಅಕ್ಕಾ, ನಮ್ಮ ಇಲಿಗಳ ಕಾಲು ಶನಿವಾರ ಮಾತ್ರ ಯಾವತ್ತೂ ಸೋತಿಲ್ಲವಲ್ಲ! ಇದನ್ನೇ ನಂಬಿ ಪ್ರಬಂಧ ಬರೀತಿದ್ದೀನಿ ನಾನು.” ಅವಳು ಪಂಜರದ ಮುಚ್ಚಳ ಹಾಕಿದಳು. “ತಪ್ಪಾಯ್ತು ಸರ್. ಶನಿವಾರ ಸೋತದ್ದನ್ನ ಸೋಮವಾರ ಬರೀತಿದ್ದೆ. ಭಾನುವಾರ ಇಲ್ಲಿ ನಾನೊಬ್ಬಳೇ. ಮಿಕ್ಕವೆಲ್ಲ ಅಂಗೈಗೆ ಬಂದ ಕೂಡಲೇ ಓಡ್ತವೆ; ಕಾಲು ಸೋತದ್ದು ಮಾತ್ರ ಕೂತಿರುತ್ತೆ.”